ಗಂಟಿಲ್ಲದ ಮೂಟೆ

ಕೇಳಿದವರು ನಂಬಲಿ, ಬಿಡಲಿ, ಇದು ನಮ್ಮ ಚಿಕ್ಕಪ್ಪನ ಮಗನಿಗೆ ಆದದ್ದು. ಕಂಬಳಿ ವ್ಯಾಪಾರಿ. ಓಣಿಯಲ್ಲಿ ಎಲ್ಲರೂ ಅವನನ್ನು ‘ಅನುಮಾನ’ ಅಂತಲೇ ಕರೆಯುವುದು. ಅಂಗಡಿಗೆ ಬೀಗ ಹಾಕಿ ಎಳೆದು ನೋಡುತ್ತಾನೆ, ತಿರುವಿನ ತನಕ ಹೋಗುತ್ತಾನೆ, ವಾಪಸ್ ಬಂದು ಇನ್ನೊಮ್ಮೆ ಎಳೆಯುತ್ತಾನೆ. ಕನ್ನಡಿಯಲ್ಲಿ ತನ್ನ ಮುಖ ಕಂಡರೂ ‘ಯಾರಪ್ಪ ಇವನು, ಇಲ್ಲೇನು ಕೆಲಸ’ ಅಂತ ಅರೆಗಳಿಗೆ ಯೋಚಿಸುತ್ತಾನೆ ಎಂದು ಹೆಂಡತಿಯೇ ಆಡಿಕೊಳ್ಳುತ್ತಾಳೆ.

ಆವತ್ತು ಅಂಗಡಿ ಮುಚ್ಚಿ ಮನೆ ಕಡೆ ಹೊರಟಾಗ ಚೆನ್ನಾಗಿ ಕತ್ತಲಾಗಿತ್ತು. ಅವನಿಗೆ ಅವಸರ. ಪಟ್ಟಣದ ದೊಡ್ಡ ಆಸ್ಪತ್ರೆಯೊಂದು ಮೊದಲ ಸಲ ಕಂಬಳಿ ಕೇಳಿತ್ತು. ಬೆಳಿಗ್ಗೆ ಉಗ್ರಾಣ ತೆಗೆಯುವ ಹೊತ್ತಿಗೆ ಇಪ್ಪತ್ತು ಮೂಟೆಯೂ ಸರಿಯಾಗಿ ತಲುಪಿದರೆ ವರ್ಷವಿಡೀ ಸರಬರಾಜು ಅವನದೇ. ಏನಾದರೂ ಎಡವಟ್ಟಾದರೆ ಅಂಗಡಿಗೆ ಶಾಶ್ವತವಾಗಿ ಬೀಗ. ಅಷ್ಟು ಬಿಗಿಯಾಗಿತ್ತು ಪರಿಸ್ಥಿತಿ.

ದಾರಿಯಲ್ಲಿ ಒಂದು ಹಳೆಯ ಬಾವಿ. ನೀರು ಸೇದುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ರಾಟೆಗೆ ಹಗ್ಗವೂ ಇಲ್ಲ. ಆದರೂ... ಕಿರ್‍ರ್... ಕಿರ್‍ರ್... ಎಂದಿತು.

ಕಟ್ಟೆಯ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ತಲೆ ಮೇಲೆ ಸೆರಗು.

“ಅಣ್ಣಾ... ಪಟ್ಟಣಕ್ಕಾ?”

ಇವಳಿಗೆ ಹೇಗೆ ಗೊತ್ತಾಯಿತು? ಕಳ್ಳರ ಕಡೆಯವಳಿರಬೇಕು, ಗಾಡಿ ಹೊರಡುವ ಸುದ್ದಿ ತಿಳಿಯಲು ಕೂರಿಸಿದ್ದಾರೆ ಅಂದುಕೊಂಡ.

“ನನ್ನನ್ನೂ ಕರ್ಕೊಂಡು ಹೋಗ್ತೀರಾ?”

“ಮನುಷ್ಯರಿಗೆ ಜಾಗ ಇಲ್ಲಮ್ಮ,” ಅಂದ, ನಿಲ್ಲದೆ. “ಬಾಯಿ ಹೊಲಿದ ಮೂಟೆ ಆದ್ರೆ ಮಾತ್ರ ಹತ್ತಿಸೋದು.”

ಬೆನ್ನ ಹಿಂದೆ ಮೆಲ್ಲಗೆ, ಪಿಸುದನಿಯಲ್ಲಿ...

“ಹಾಗಾದ್ರೆ ಸರಿ.”

ಮನೆ ಮುಂದೆ ಬಾಡಿಗೆ ಗಾಡಿ ನಿಂತಿತ್ತು. ಹೆಂಡತಿ ಕೊನೆಯ ಮೂಟೆಯ ಬಾಯಿ ಹೊಲಿದು ದಬ್ಬಣ ಒರೆಸುತ್ತಿದ್ದಳು. ಅವಳ ಹೊಲಿಗೆಗೆ ಒಂದು ಗುರುತಿದೆ. ಬಲಮೂಲೆಯಲ್ಲಿ, ಹೊರಗಡೆ, ಜೋಡಿಗಂಟು. ಅದನ್ನು ಕತ್ತರಿಸಿ ಎಳೆದರೆ ಹುರಿ ಸರ್‍ರನೆ ಬಿಚ್ಚಿಕೊಳ್ಳುತ್ತದೆ. ಗಂಟು ಹಾಗೇ ಇದ್ದರೆ ನಡುವೆ ಯಾರೂ ಕೈಹಾಕಿಲ್ಲ ಎಂದರ್ಥ.

ಡ್ರೈವರ್ ಹೊಸಬ. ಇವನಿಗೆ ಅಷ್ಟು ಸಾಕಾಯಿತು. ಮುಂದೆ ಕೂರಲು ಒಲ್ಲೆನೆಂದು ಹಿಂದೆ ಸರಕಿನ ಜೊತೆ ಹತ್ತಿದ.

“ಮೂಟೆಗಳೇನು ಓಡಿ ಹೋಗ್ತವಾ ಸಾವ್ಕಾರ್ರೇ?”

“ಅವು ಓಡಲ್ಲ. ಹೊತ್ಕೊಂಡು ಓಡೋರು ಇರ್ತಾರೆ. ನೋಡು, ಒಂದು ಸಲ ತಟ್ಟಿದ್ರೆ ನಿಲ್ಲಿಸು. ಎರಡು ಸಲ ತಟ್ಟಿದ್ರೆ ಹೊರಡು.”

ಯಾರಾದರೂ ಹತ್ತಿದರೆ ಹಿಂದಿನಿಂದಲೇ ಹತ್ತಬೇಕಲ್ಲ. ಅದಕ್ಕೇ ಮೂಟೆಗಳಿಗೆ ಬೆನ್ನು ಕೊಟ್ಟು, ರಸ್ತೆ ನೋಡಿಕೊಂಡು ಕೂತ.

ಬಾವಿಯ ಹತ್ತಿರ ಗಾಡಿ ನಿಂತಿತು. ಕಳ್ಳರೇ ಬಂದರು ಎಂದು ರಸ್ತೆಯ ಮೇಲೇ ಕಣ್ಣಿಟ್ಟ. ಹಿಂದಿನಿಂದ ಯಾರೂ ಬರಲಿಲ್ಲ. ಗಾಡಿ ಒಮ್ಮೆ ಸ್ವಲ್ಪ ಕುಸಿದಂತಾಯಿತು, ಅಷ್ಟೇ... ಮತ್ತೆ ಹೊರಟಿತು.

ಹೆದ್ದಾರಿಯ ಚಹಾ ಅಂಗಡಿ ಮುಂದೆ ಇಳಿದು, ಟಾರ್ಚ್ ಹಾಕಿ ಎಣಿಸಿದ. ಇಪ್ಪತ್ತೊಂದು.

ಮತ್ತೆ ಎಣಿಸಿದ. ಇಪ್ಪತ್ತೊಂದು.

ಕಮ್ಮಿಯಾಗಿದ್ದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಗೊತ್ತಿತ್ತು. ಜಾಸ್ತಿಯಾದದ್ದಕ್ಕೆ ಯಾರನ್ನು ಕೇಳುವುದು? ಒಂದೊಂದೇ ಬಲಮೂಲೆ ಮುಟ್ಟುತ್ತ ಹೋದ. ಗಂಟು, ಗಂಟು, ಗಂಟು... ಮೂಲೆಯ ಮೂಟೆಗೆ ಬಂದಾಗ ಬೆರಳಿಗೆ ಬರೀ ಹೊಲಿಗೆ ಸಿಕ್ಕಿತು. ಗಂಟೇ ಇಲ್ಲ. ಗೋಣಿ ಒದ್ದೆ, ತಣ್ಣಗೆ.

ತಕ್ಷಣ ಎಲ್ಲ ಹೊಳೆಯಿತು. ಡ್ರೈವರ್ ಯಾವುದೋ ಕಳ್ಳಮಾಲನ್ನು ನನ್ನ ಸರಕಿನೊಳಗೆ ಸೇರಿಸಿದ್ದಾನೆ. ತನಿಖೆಯಲ್ಲಿ ಸಿಕ್ಕಿಬಿದ್ದರೆ ಜೈಲು ನನಗೆ, ಲಾಭ ಅವನಿಗೆ ಅಂದುಕೊಂಡ. ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದ.

“ಬಾವಿ ಹತ್ರ ಯಾಕೋ ನಿಲ್ಲಿಸ್ದೆ?”

“ನೀವೇ ತಟ್ಟಿದ್ರಲ್ಲ! ಒಂದು ಸಲ. ಆಮೇಲೆ ಎರಡು ಸಲ.”

“ನಾನು ತಟ್ಟಿಲ್ಲ.”

“ನನ್ನ ಮಕ್ಕಳಾಣೆ ಸಾವ್ಕಾರ್ರೇ... ತಟ್ಟಿದ್ದು ಕೇಳಿಸ್ತು.”

ಟಾರ್ಚ್ ಬೆಳಕಲ್ಲಿ ಅವನ ಮುಖ ನೋಡಿದ. ಗಿರಾಕಿಗಳ ಸುಳ್ಳು ಕೇಳಿ ಕೇಳಿ ಪಳಗಿದವನು ಇವನು. ಡ್ರೈವರ್ ಸುಳ್ಳು ಹೇಳುತ್ತಿರಲಿಲ್ಲ. ಅದೇ ಇವನಿಗೆ ಹಿಡಿಸದೇ ಹೋದದ್ದು.

“ಎಸೆದು ಬಿಡೋಣ,” ಎಂದು ಡ್ರೈವರ್ ಪಿಸುಗುಟ್ಟಿದ.

ಎಸೆಯಲು ಮುಟ್ಟಬೇಕಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಮೂಟೆಗಳ ಕಡೆಯಿಂದ, ಯಾರೋ ಮಗ್ಗುಲು ಬದಲಿಸಿದ ಹಾಗೆ, ಗೋಣಿ ಗೋಣಿಗೆ ಉಜ್ಜಿದ ಸದ್ದು... ಸರಸರ.

“ನಾನು ಮುಂದೆ ಕೂರ್ತೀನಿ,” ಅಂದ ನಮ್ಮ ಅನುಮಾನ.

ಹಿಂದಿರುಗಿ ಹೋಗೋಣ ಎಂದು ಇಬ್ಬರೂ ಹೇಳಲಿಲ್ಲ. ಇವನಿಗೆ ಆಸ್ಪತ್ರೆಯ ಸರಬರಾಜು, ಅವನಿಗೆ ಬಾಡಿಗೆ. ಹಿಂದೆ ಹೋದರೆ ಬಾವಿಯೂ ಇತ್ತಲ್ಲ.

ಆಕಾಶ ಇನ್ನೂ ಬಿಳುಪಾಗಿರಲಿಲ್ಲ. ಪಟ್ಟಣದ ಮೊದಲ ಬೀದಿದೀಪಗಳು ಕಂಡವು. ಆಗ ಹಿಂದಿನಿಂದ...

ಢಬ್.

ಒಂದು ಸಲ.

ಡ್ರೈವರ್ ಇವನ ಕೈ ನೋಡಿದ. ಎರಡೂ ಕೈ ತೊಡೆಯ ಮೇಲಿದ್ದವು.

“ನಿಲ್ಸು,” ಎಂದ ಇವನು, ತುಟಿಯಲ್ಲೇ.

ಗಾಡಿ ನಿಂತಿತು. ಹಿಂದೆ ಬಾಗಿಲಿನ ಸರಪಳಿ ಖಣಖಣ ಎಂದಿತು. ಗಾಡಿ ಸ್ವಲ್ಪ ಮೇಲೆದ್ದಿತು. ಆಮೇಲೆ ರಸ್ತೆಯ ಮೇಲೆ ಪಚ್... ಪಚ್... ಪಚ್... ಒದ್ದೆ ಪಾದಗಳ ಸದ್ದು. ಇವನ ಕಿಟಕಿಯ ಪಕ್ಕಕ್ಕೆ ಬಂದು ನಿಂತಿತು. ಇವನು ತಿರುಗಲಿಲ್ಲ. ಗಾಜಿನಾಚೆ ಉಸಿರಿನಷ್ಟು ಸಣ್ಣ ದನಿ...

“ಬರ್ತೀನಣ್ಣ.”

ನಂತರ ಢಬ್, ಢಬ್.

ಡ್ರೈವರ್ ಕನ್ನಡಿ ಕೂಡ ನೋಡದೆ ಗಾಡಿ ಓಡಿಸಿದ.

ಉಗ್ರಾಣದವನು ಇಳಿಸಿಕೊಂಡು ಎಣಿಸಿದ. ಸರಿಯಾಗಿ ಇಪ್ಪತ್ತು. ಎಲ್ಲದಕ್ಕೂ ಗಂಟಿತ್ತು, ಕಂಬಳಿಗಳೆಲ್ಲ ಒಣಗಿದ್ದವು. “ಇದೊಂದು ಖಾಲಿ ಇದೆ ನೋಡಿ, ನಿಮ್ಮದೇ,” ಎಂದು ಒಂದು ಗೋಣಿಚೀಲ ಚಾಚಿದ. ಚಪ್ಪಟೆಯಾಗಿ ಬಿದ್ದಿತ್ತಂತೆ. ಬಾಯಿ ಹೊಲಿದೇ ಇತ್ತು.

ಬೇರೆಯವನಾಗಿದ್ದರೆ ಅಲ್ಲೇ ಸುಟ್ಟು ಬರುತ್ತಿದ್ದ. ನಮ್ಮವನು ಮನೆಗೆ ತಂದ. ಗಟ್ಟಿ ಗೋಣಿ, ಹಾಳುಮಾಡುವುದೇಕೆ? ಹೆಂಡತಿ ಹುರಿ ಬಿಚ್ಚಲು ಗಂಟು ಹುಡುಕಿದಳು. ಈ ಮೂಲೆ, ಆ ಮೂಲೆ. ಸಿಗಲಿಲ್ಲ.

“ಯಾರ್‍ರೀ ಹೊಲಿದದ್ದು ಇದನ್ನ?”

“ಯಾಕೆ?”

ಅವಳು ಕತ್ತರಿಯಿಂದ ಚೀಲದ ಪಕ್ಕ ಸೀಳಿ, ಕೈ ಒಳಗೆ ಹಾಕಿ, ಮಗುಚಿ ತೋರಿಸಿದಳು.

ಆಸ್ಪತ್ರೆಯ ಸರಬರಾಜು ಈಗಲೂ ಅವನದೇ. ದಾರಿಯಲ್ಲಿ ಯಾರು ಕೈ ಅಡ್ಡ ಹಾಕಿದರೂ ‘ಬನ್ನಿ, ಮುಂದೆ ಕೂತ್ಕೊಳ್ಳಿ’ ಅನ್ನುತ್ತಾನೆ, ಮೂಟೆ ಗೀಟೆ ಅಂತ ತಮಾಷೆ ಮಾಡುವುದಿಲ್ಲ. ಕತೆ ಕಟ್ಟಿದ್ದು ಅನ್ನುವವರು ಅವನ ಅಂಗಡಿಗೆ ಹೋಗಿ ನೋಡಬಹುದು. ಒಳಕೋಣೆಯ ಮೊಳೆಗೆ ಆ ಚೀಲ ತೂಗುಹಾಕಿದ್ದಾನೆ. ನಾನೂ ಕೈಯಾರೆ ಮುಟ್ಟಿ ನೋಡಿದ್ದೇನೆ. ಹೊಲಿಗೆ ನೀಟಾಗಿದೆ, ಹುರಿ ಗಟ್ಟಿಯಾಗಿದೆ. ಜೋಡಿಗಂಟು... ಒಳಗಡೆ ಹಾಕಿದೆ.