ಗೇಟಿನ ಬಜರ್

ಕುಂದಾಪುರದಲ್ಲಿ ಗಂಗೊಳ್ಳಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ರೇಡಿಯೋ ರಿಪೇರಿಯ ವಿನಯಾ ತನ್ನ ಹಳೇ ಗಿರಾಕಿಯೊಬ್ಬರನ್ನು ಮಾತಾಡಿಸಿದಳು.

“ಹ್ವಾಯ್ ರವಿಚಂದ್ರಣ್ಣ, ನೀವ್ ಮಾಡಿದ್ ಗೇಟಿನ ಬಜರ್ ಸಮಾ ಆಯ್ತಾ?”

“ಆಯ್ತ್. ನೀ ಹೇಳ್ದಾಂಗೆ ಕೇಬಲ್ಲಿನ ಸುತ್ತ ಇಪ್ಪ ಶೀಲ್ಡ್ ಜಾಲರಿಗೆ ಅರ್ತಿಂಗ್ ತಂತಿ ಬೆಸುಗೆ ಹಾಕ್ದೆ.”

“ಹಂಗಾರೆ ಪಕ್ಕದ್ಮನೆ ಪಂಪ್ ಹಾಕ್ದಾಗ ಸುಮ್ಮನೆ ಕೂಗುದಿಲ್ಲ ಅಲ್ದಾ?”

“ಇಲ್ಲ. ಯಾರಾರೂ ಬಂದ್ರೆ ಮಾತ್ರ ಕೂಗತ್ತ್.”

“ಮತ್ತೆಂತ ಬೇಕ್?”

“ಎಂಟ್ ದಿನ ಆಯ್ತ್, ಒಂದ್ಸಲವೂ ಕೂಗ್ಲಿಲ್ಲ. ಮುಂಚೆ ಆದ್ರೆ ದಿನಾ ಎದ್ದ್ ಹೋಯಿ ಕಾಣ್ತಿದ್ದೆ, ಯಾರೋ ಬಂದ್ರ್ ಅಂದೇಳಿ.”



“ಈಗೆಂತ ಮಾಡ್ತ್ರಿ?”

“ನಿನ್ನೆ ರಾತ್ರಿ ಆ ಬೆಸುಗೆ ಬಿಡ್ಸಿ ತೆಗ್ದೆ.”

ಬಸ್ಸು ಬಂತು. ರವಿಚಂದ್ರಣ್ಣ ಗಡಿಬಿಡಿಯಲ್ಲಿ ಎದ್ದರು.

“ನಾಲ್ಕ್ ಗಂಟಿಗೆ ಪಕ್ಕದ್ಮನೆಯವ್ರ್ ಪಂಪ್ ಹಾಕ್ತ್ರ್. ನಾನ್ ಹೋತೆ.”