ನಾನು ಹೊಡೆದುಹಾಕಿದ ಸಾಲುಗಳು

ಸಭಾಧ್ಯಕ್ಷರಾದ ಹಿರಿಯ ವೈದ್ಯರೇ, ನನ್ನ ಪಕ್ಕದಲ್ಲಿ ಆಸೀನರಾಗಿರುವ ಆಡಳಿತಾಧಿಕಾರಿಗಳೇ, ಈಗಷ್ಟೇ ಸನ್ಮಾನ ಸ್ವೀಕರಿಸಿದ ನರ್ಸ್‌ಗಳೇ, ಎಚ್ಚರವಾಗಿರುವ ಸಭಿಕರೇ, ಹಾಗೂ ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದು ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುವ ಸಭಿಕರೇ,

ಆ ಕೊನೆಯ ಸಾಲಿನವರನ್ನು ದಯವಿಟ್ಟು ಯಾರೂ ಎಬ್ಬಿಸಬೇಡಿ. ಮೂವತ್ತನಾಲ್ಕು ವರ್ಷ ಮೇಷ್ಟ್ರಾಗಿದ್ದ ನಾನು ತರಗತಿಯಲ್ಲಿ ತೂಕಡಿಸಿದ ಒಬ್ಬನನ್ನೂ ಸುಮ್ಮನೆ ಬಿಟ್ಟವನಲ್ಲ. ಇಂದು ಬಿಡುತ್ತಿದ್ದೇನೆ.

ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ವಿಷಯ ‘ರಾತ್ರಿ ಪಾಳಿ ಮತ್ತು ನರ್ಸ್‌ಗಳ ಮನಸ್ಸಿನ ಆರೋಗ್ಯ’. ಇದರ ಬಗ್ಗೆ ಮಾತನಾಡಲು ನನಗೇನು ಅಧಿಕಾರ? ನಾನು ವೈದ್ಯನಲ್ಲ, ಮನಶ್ಶಾಸ್ತ್ರ ಓದಿದವನೂ ಅಲ್ಲ. ನನಗಿರುವ ಅರ್ಹತೆ ಒಂದೇ. ಇದೇ ಆಸ್ಪತ್ರೆಯ ನರ್ಸ್ ಒಬ್ಬಳ ಮಾವ ನಾನು. ಏಳು ತಿಂಗಳಿಂದ ಅವಳಿಗೆ ರಾತ್ರಿ ಪಾಳಿ ತಪ್ಪಿಲ್ಲ.

ನಾನು ಅರ್ಜಿ ಬರೆಯುವುದನ್ನು ಹೇಗೆ ಕಲಿಸುತ್ತಿದ್ದೆ ಎಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಇಲ್ಲಿದ್ದರೆ ಹೇಳಿಯಾರು. ಇಂದ, ಗೆ, ಮಾನ್ಯರೇ, ವಿಷಯ, ನಾಲ್ಕು ಸಾಲು, ಸಹಿ. ಐದನೆಯ ಸಾಲಿಗೆ ಅಂಕವಿಲ್ಲ. ಮನೆಯವರಿಗೂ ಇದೇ ನಿಯಮ. ಹಾಲಿನವನಿಗೆ ಬರೆದಿಟ್ಟ ಚೀಟಿಯನ್ನೂ ನಾನು ತಿದ್ದಿದ್ದೆನೆಂದು ನನ್ನ ಹೆಂಡತಿ ಇಂದಿಗೂ ಹಂಗಿಸುತ್ತಾಳೆ.

ಎರಡು ತಿಂಗಳ ಹಿಂದೆ ಸೊಸೆ ನನ್ನ ಮುಂದೆ ಎರಡು ಹಾಳೆ ಇಟ್ಟಳು. “ಮಾವ, ಹಗಲು ಪಾಳಿ ಕೇಳಿ ಬರೆದಿದ್ದೀನಿ. ಒಂಚೂರು ನೋಡ್ತೀರಾ?”

ನೋಡಿದೆ. ಏನನ್ನು ನೋಡಿದೆ? ಉದ್ದವನ್ನು ನೋಡಿದೆ! “ಏನಮ್ಮಾ, ಇದು ಅರ್ಜಿಯೋ ಕಾದಂಬರಿಯೋ?” ಎಂದೆ. ಅವಳು ನಕ್ಕಳು. ಆ ನಗೆಯನ್ನು ಒಪ್ಪಿಗೆಯೆಂದು ತಿಳಿದೆ. ಕೆಂಪು ಪೆನ್ನು ತೆಗೆದೆ. ಹೊಡೆದೆ, ಸಾಲಿನ ಮೇಲೆ ಸಾಲು ಹೊಡೆದುಹಾಕಿದೆ. ಕೊನೆಗೆ ಉಳಿದದ್ದು ‘ವೈಯಕ್ತಿಕ ಕಾರಣಗಳಿಂದ ಹಗಲು ಪಾಳಿಗೆ ಬದಲಾಯಿಸಿಕೊಡಬೇಕಾಗಿ ವಿನಂತಿ’. ಅಚ್ಚುಕಟ್ಟಾದ ಅರ್ಜಿ. ನಾನಾಗಿದ್ದರೆ ಹತ್ತಕ್ಕೆ ಹತ್ತು ಕೊಡುತ್ತಿದ್ದೆ. ಅಷ್ಟನ್ನೇ ಅವಳು ಬೇರೆ ಹಾಳೆಯಲ್ಲಿ ಬರೆದು ಕೊಟ್ಟಳು. ಕಚೇರಿಯವರು ಏನು ಕೊಟ್ಟರು? ‘ಸೂಕ್ತ ಕಾರಣ ನೀಡಿಲ್ಲ’ ಎಂಬ ಷರಾ ಕೊಟ್ಟರು. ಕಚೇರಿಯನ್ನು ನಾನು ದೂರುವುದಿಲ್ಲ. ಕಾರಣವನ್ನು ಹೊಡೆದುಹಾಕಿದವನು ನಾನು.

ಕಳೆದ ತಿಂಗಳು ಒಂದು ಬೆಳಗ್ಗೆ, ಒಂಬತ್ತು ಗಂಟೆಯ ಬಿಸಿಲಿನಲ್ಲಿ, ಅವಳು ಮನೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಒಂದು ಚಪ್ಪಲಿ. “ಒಳಗೆ ಬಾಮ್ಮಾ” ಎಂದೆ. ಅವಳು ನನ್ನ ಮುಖ ನೋಡಿ ಕೇಳಿದಳು: “ಮಾವ, ನಾನೀಗ ಡ್ಯೂಟಿಗೆ ಹೊರಟಿದ್ದೀನಾ, ಮುಗಿಸ್ಕೊಂಡು ಬಂದಿದ್ದೀನಾ?”

ನಾನು ಹೆಂಡತಿಯನ್ನು ಕೂಗಿದೆ. ಅವಳು ಬಂದು ಸೊಸೆಯನ್ನು ಒಳಗೆ ಕರೆದೊಯ್ದು ಮಲಗಿಸಿದಳು. ಆಮೇಲೆ ನನ್ನ ಹತ್ತಿರ ಬಂದು ಕೇಳಿದಳು: “ಆ ಹುಡುಗಿ ಬರೆದದ್ದನ್ನ ನೀವು ಓದಿದ್ರಾ, ಬರೀ ತಿದ್ದಿದ್ರಾ?”

ಆ ಹಾಳೆಗಳು ನನ್ನ ಮೇಜಿನ ಖಾನೆಯಲ್ಲೇ ಇದ್ದವು. ಅಂದು ಓದಿದೆ. ‘ಹಗಲು ಮಲಗಿದರೆ ವಾರ್ಡಿನ ಯಂತ್ರಗಳ ಸದ್ದು ಕೇಳಿಸುತ್ತದೆ.’ ಹೊಡೆದಿದ್ದೆ. ‘ಇಂಜೆಕ್ಷನ್ ಕೊಟ್ಟ ಮೇಲೂ ಕೊಟ್ಟೆನೋ ಇಲ್ಲವೋ ಎಂದು ನಾಲ್ಕು ಸಲ ಚಾರ್ಟ್ ನೋಡುತ್ತೇನೆ.’ ಹೊಡೆದಿದ್ದೆ. ‘ಬಸ್ಸಿನಲ್ಲಿ ಸುಮ್ಮಸುಮ್ಮನೆ ಅಳು ಬರುತ್ತದೆ.’ ಹೊಡೆದದ್ದು ಸಾಲದೆಂದು ಅಂಚಿನಲ್ಲಿ ‘ಅನಗತ್ಯ’ ಎಂದೂ ಬರೆದಿದ್ದೆ.

ಮಾನ್ಯರೇ, ನರ್ಸ್‌ಗಳನ್ನು ನಾವು ಹೊಗಳುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಫಲಕ ಕೊಡುತ್ತೇವೆ. ಫಲಕ ನೋಡಿಕೊಂಡು ಯಾರಿಗಾದರೂ ನಿದ್ದೆ ಬಂದೀತೇ? ಪಾಳಿ ಬದಲಾದರೆ ಬಂದೀತು. ಯಾರನ್ನೂ ಒಂದೇ ಸಮನೆ ಎರಡು ವಾರಕ್ಕಿಂತ ಹೆಚ್ಚು ರಾತ್ರಿ ದುಡಿಸಬೇಡಿ. ಅಳು ಬರುತ್ತದೆಂದು ಹೇಳಿಕೊಳ್ಳಲು ಅವರಿಗೆ ಮನಸ್ಸಿನ ವಿಷಯ ತಿಳಿದವರೊಬ್ಬರನ್ನು ನೇಮಿಸಿ. ಹೇಳಿಕೊಂಡವಳನ್ನು ಕೈಲಾಗದವಳು ಎನ್ನಬೇಡಿ. ಇದು ಆಗದ ಕೆಲಸವೇ? ಹನ್ನೆರಡು ಮೇಷ್ಟ್ರುಗಳ ವೇಳಾಪಟ್ಟಿಯನ್ನು ಜಗಳವಿಲ್ಲದೆ ಮಾಡಿದವನು ನಾನು. ಖಂಡಿತ ಆಗುತ್ತದೆ. ಬೇಕಾದರೆ ನಾಳೆಯೇ ಬಂದು ಕೂರುತ್ತೇನೆ. ಚಹಾ ಮಾತ್ರ ನಿಮ್ಮದು.

ಇದನ್ನೆಲ್ಲ ಹೇಳಲೇ ಎಂದು ಸೊಸೆಯನ್ನು ಕೇಳಿಯೇ ಬಂದಿದ್ದೇನೆ. “ಹೇಳಿ ಮಾವ. ಆದ್ರೆ ಚಂದ ಮಾಡಿ ಹೇಳ್ಬೇಡಿ” ಎಂದಳು.

ಅವಳು ಬರೆದ ಆ ಎರಡು ಹಾಳೆ ಇಲ್ಲಿವೆ. ವೇದಿಕೆಯ ಮೇಲೆ ಅರ್ಜಿ ಕೊಡುವುದು ಕ್ರಮವಲ್ಲವೆಂದು ಬಲ್ಲೆ. ಆದರೂ ಆಡಳಿತಾಧಿಕಾರಿಗಳೇ, ತೆಗೆದುಕೊಳ್ಳಿ. ನಾನು ಉಳಿಸಿದ ಸಾಲನ್ನು ನೀವು ಬಿಟ್ಟುಬಿಡಿ. ಕೆಂಪು ಗೆರೆ ಎಳೆದವುಗಳನ್ನು ಓದಿ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ನಾನು ಋಣಿ. ನಮಸ್ಕಾರ.