ದೇವರ ಕೋಣೆಯಲ್ಲಿ ಉಳಿದ ಜ್ಯಾಕ್

ಇವತ್ತು ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ, ಕೇಳಿ. ಶ್ರೀಮಂತ ಎಂದೊಡನೆ ಮಹಡಿ ಮನೆ, ಬೆಳ್ಳಿ ತಟ್ಟೆ ಎಂದು ಎಣಿಸಬೇಡಿ. ಅವನ ಬಳಿ ಇದ್ದದ್ದು ಎರಡೇ. ಒಂದು ಪಿಕಪ್ ಗಾಡಿ, ಇನ್ನೊಂದು ಬಾಯಿತುಂಬ ಮಾತು. ಮೈಕಿನ ಪೆಟ್ಟಿಗೆ, ಜಮಖಾನ, ಪುಸ್ತಕದ ಗಂಟು ಹೇರಿಕೊಂಡು ಊರೂರಿಗೆ ಹೋಗಿ ಪ್ರವಚನ ಹೇಳುತ್ತಿದ್ದ. ಗಾಡಿಯ ಹಿಂದಿನ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ‘ಸದಾ ಸಿದ್ಧನಾಗಿರು’ ಎಂದು ಬರೆಸಿದ್ದ.

ಏನಮ್ಮಾ, ಮುಂದಿನ ಸಾಲಿನಲ್ಲಿ ನಗುತ್ತಿದ್ದೀರಿ? ಸ್ವಲ್ಪ ಜೋರಾಗಿ ಹೇಳಿ. “ಆ ಗಾಡಿ ಹೊರಗ ನಿಂತೈತಲ್ರೀ ಅಪ್ಪಾರ” ಎನ್ನುತ್ತೀರಾ? ಆಗಲಿ, ಸಿಕ್ಕಿಬಿದ್ದೆ. ಇನ್ನೂ ಸ್ವಲ್ಪ ದೂರ ಬೇರೆಯವನ ಹೆಸರಿನಲ್ಲಿ ಕಥೆ ನಡೆಸಬಹುದೆಂದುಕೊಂಡಿದ್ದೆ. ಆ ಶ್ರೀಮಂತ ನಾನೇ.

ನನಗೊಬ್ಬಳು ಅಕ್ಕ ಇದ್ದಳು, ಸಂಗವ್ವ. ತಾಯಿ ಇಲ್ಲದ ನನಗೆ ತಲೆ ಬಾಚಿ, ಬುತ್ತಿ ಕಟ್ಟಿ ಸಾಲೆಗೆ ಕಳಿಸಿದವಳು. ನಮ್ಮೂರಿಂದ ನಲವತ್ತು ಕಿಲೋಮೀಟರ್ ದೂರದ ಊರಿಗೆ ಅವಳನ್ನು ಕೊಟ್ಟಿದ್ದರು. ಅವಳ ಗಂಡ ತೀರಿಕೊಂಡಾಗ ನಾನು ಎಲ್ಲಿದ್ದೆ? ಪ್ರವಚನದಲ್ಲಿದ್ದೆ. ಮೂರನೆಯ ದಿನ ಹೋದೆ. ಹೋಗಿ ಏನು ಮಾಡಿದೆ? ಅಲ್ಲಿಯೂ ಪ್ರವಚನ ಮಾಡಿದೆ. ದೇಹ ನಶ್ವರ ಎಂದು ಒಂದು ತಾಸು ಹೇಳಿದೆ. ಅಕ್ಕ ಎಲ್ಲವನ್ನೂ ಕೇಳಿದಳು. ಕೊನೆಗೆ ಹೇಳಿದಳು: “ಭಾಷಣ ಸಾಕೋ ತಮ್ಮಾ. ಬಾಯಿ ಮುಚ್ಚಿಕೊಂಡು ಬಾಜೂಕ ಕುಂತಿದ್ರ ಸಾಕಿತ್ತು.”

ನನಗೆ ಸಿಟ್ಟು ಬಂತು. ಊರೂರಿನವರು ಕರೆದು ಹಾರ ಹಾಕುವ ನನ್ನ ಮಾತಿಗೆ ಹೀಗೆ ಹೇಳುವುದೇ? ನಾಲ್ಕು ವರ್ಷ ಆ ಕಡೆ ಗಾಡಿ ತಿರುಗಿಸಲಿಲ್ಲ. ನೋಡಿ, ಆ ನಾಲ್ಕು ವರ್ಷವೂ ನಾನು ನಿಮಗೆ ಕ್ಷಮೆಯ ಬಗ್ಗೆ ಹೇಳುತ್ತಲೇ ಇದ್ದೆ.

ಹೋದ ವರ್ಷ ದಸರೆಯ ಮುಂಚೆ ಅವಳೇ ಫೋನ್ ಮಾಡಿಸಿದಳು. “ನನಗ ಎದಿ ಆಪರೇಶನ್ ಐತಿ. ದಸರಾದ ಮರುದಿನ ಹತ್ತು ಗಂಟೆಕ್ಕ ಹುಬ್ಬಳ್ಳಿಗೆ ಕರಕೊಂಡ ಹೋಗ್ತಾರ. ಅದಕ್ಕಿಂತ ಮೊದ್ಲ ಬಂದು ಬನ್ನಿ ಕೊಟ್ಟು ಹೋಗು.” ಬನ್ನಿಯೆಲೆ ಕೊಟ್ಟು ತೆಗೆದುಕೊಂಡ ಮೇಲೆ ನಮ್ಮ ಕಡೆ ಹಳೆಯ ಜಗಳ ಎತ್ತುವಂತಿಲ್ಲ. ಅಕ್ಕ ಕರೆದದ್ದು ಅದಕ್ಕೇ. “ಬರ್ತೀನಿ” ಎಂದೆ.

ಮಹಾನವಮಿ ಬಂತು. ಗಾಡಿಯೊಳಗಿನ ಸಾಮಾನು ಒಂದನ್ನೂ ಬಿಡದೆ ಇಳಿಸಿದೆ. ಜ್ಯಾಕ್, ಗಾಲಿ ಬಿಚ್ಚುವ ಪಾನಾ, ಸ್ಟೆಪ್ನಿ ಇಳಿಸುವ ರಾಡು, ಹಗ್ಗ, ಬ್ಯಾಟರಿ, ಗಾಲಿಗೆ ಒಡ್ಡುವ ಕಟ್ಟಿಗೆ, ಮುಲಾಮು ಪಟ್ಟಿಯ ಡಬ್ಬಿ, ಕಡೆಗೆ ನೀರಿನ ಕ್ಯಾನು ಕೂಡ. ತೊಳೆದೆ, ಒರೆಸಿದೆ, ದೇವರ ಕೋಣೆಯಲ್ಲಿ ಮಡಿಬಟ್ಟೆ ಹಾಸಿ ಸಾಲಾಗಿ ಇಟ್ಟೆ. ಬ್ಯಾಟರಿಯ ಗಾಜಿನ ಮೇಲೆ ಎಷ್ಟು ವಿಭೂತಿ ಬಳಿದೆನೆಂದರೆ, ಹಚ್ಚಿದರೂ ಬೆಳಕು ಹೊರಗೆ ಬರುವಂತಿರಲಿಲ್ಲ. ಜ್ಯಾಕಿಗೆ ಚೆಂಡುಹೂವಿನ ಹಾರ. ನನ್ನ ಕೊರಳಿಗೆ ಬಿದ್ದ ಯಾವ ಹಾರವೂ ಅಷ್ಟು ಚೆನ್ನಾಗಿರಲಿಲ್ಲ.

ದಸರೆಯ ದಿನ ಪೂಜೆ ಮಾಡಿ ಎತ್ತಬೇಕು. ಎಲ್ಲರೂ ಎತ್ತುತ್ತಾರೆ. ನಾನು ಎತ್ತಲಿಲ್ಲ. ಅಷ್ಟು ಅಂದವಾಗಿ ಜೋಡಿಸಿದ್ದನ್ನು ಕೆಡಿಸಲು ಮನಸ್ಸಾಗಲಿಲ್ಲ. ಸೊಸೆ ಎರಡು ಸಲ ಹೇಳಿದಳು: “ಮಾವಾರ, ನಾಳಿ ಊರಿಗೆ ಹೊಂಟೀರಿ, ಜ್ಯಾಕ್ ಗಾಡ್ಯಾಗ ಹಾಕೋರಿ.”

“ಸೀಗಿ ಹುಣ್ಣಿಮಿತನಕ, ಇನ್ನೈದು ದಿನ ಇರ್ಲಿ ಬಿಡವ್ವಾ. ದೇವರ ಮುಂದ ಇಟ್ಟದ್ದು, ಅವಸರ ಮಾಡಬಾರದು.”

ಮರುದಿನ ಎಂಟಕ್ಕೆ ಹೊರಟೆ. ಗಾಡಿಗೆ ಎರಡೂ ಬದಿ ಬಾಳೆಕಂದು, ಮುಂದೆ ಹಾರ, ಲಿಂಬೆಹಣ್ಣು. ಜೇಬಿನಲ್ಲಿ ಬನ್ನಿ. ಅಕ್ಕನ ಮುಂದೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಿದ್ದುತ್ತ ಹೋದೆ. ಅರ್ಧ ದಾರಿಗೆ ಹಿಂದಿನ ಗಾಲಿ ಕೂತಿತು. ಸೀಟು ಎತ್ತಿ ನೋಡಿದೆ. ಅಲ್ಲಿ ಒಂದು ಊದುಬತ್ತಿಯ ಕಟ್ಟು ಇತ್ತು.

ಮಗ ಬೈಕು ತೆಗೆದುಕೊಂಡು ಪೇಟೆಗೆ ಹೋಗಿದ್ದ. ಮನೆಗೆ ಫೋನ್ ಹಚ್ಚಿದೆ. ಸೊಸೆ ಹೇಳಿದಳು: “ಎಲ್ಲಾ ದೇವರ ಮುಂದ ಅದಾವ್ರಿ ಮಾವಾರ. ಆರತಿ ಮಾಡ್ಲೇನು?”

ಬರುವ ಹೋಗುವ ಗಾಡಿಗಳಿಗೆ ಕೈ ಮಾಡಿದೆ. ಯಾರೂ ನಿಲ್ಲಲಿಲ್ಲ. ಯಾಕೆ ನಿಲ್ಲಲಿಲ್ಲ, ಹೇಳಿ ನೋಡೋಣ. ಬಾಳೆಕಂದು ಕಟ್ಟಿದ ಗಾಡಿ, ಹಣೆತುಂಬ ವಿಭೂತಿಯ ಮುದುಕ, ಎತ್ತಿದ ಕೈ. ಆಶೀರ್ವಾದ ಮಾಡುತ್ತಿದ್ದೇನೆ ಎಂದು ತಿಳಿದರು! ಒಬ್ಬೊಬ್ಬರೂ ಕೈ ಮುಗಿದು ಹೋದರು. ಒಬ್ಬ ಪುಣ್ಯಾತ್ಮ ಬೈಕು ನಿಧಾನ ಮಾಡಿ ನಮಸ್ಕಾರ ಮಾಡಿ, ನಾನು ಬಾಯಿ ತೆರೆಯುವಷ್ಟರಲ್ಲಿ ಮುಂದೆ ಹೋದ.

ಹತ್ತಕ್ಕೆ ಹತ್ತು ನಿಮಿಷ ಇದ್ದಾಗ ಒಂದು ಪಿಕಪ್ ನಿಂತಿತು. ಮಣ್ಣು ಮೆತ್ತಿದ ಗಾಡಿ, ಹಿಂದೆ ಮೆಣಸಿನಕಾಯಿ ಚೀಲ. ನಡೆಸುತ್ತಿದ್ದವಳು ನಲವತ್ತರ ಹೆಣ್ಣುಮಗಳು. ಫಕೀರವ್ವ ಎಂದು ಹೆಸರು ಹೇಳಿದಳು. “ಏನಾತ್ರಿ ಅಜ್ಜಾರ?”

“ಪಂಚರ್ ಆಗೇತಿ ತಂಗಿ. ಜ್ಯಾಕ್ ಇಲ್ಲ. ದೇವರ ಕೋಣ್ಯಾಗ ಐತಿ.”

ಅವಳು ನನ್ನ ಮುಖ ನೋಡಿದಳು, ಹಲಗೆಯ ಮೇಲಿನ ಬರಹ ನೋಡಿದಳು. “ಯಾಕ್ರೀ, ದೇವರ ಗಾಡಿನೂ ಪಂಚರ್ ಆಗಿತ್ತೇನು?”

ಅವಳ ಸೀಟಿನ ಕೆಳಗೆ ಎಲ್ಲವೂ ಇತ್ತು. ಅವಳ ಜ್ಯಾಕಿಗೂ ಕುಂಕುಮ ಹಚ್ಚಿತ್ತು, ಅದರ ಮೇಲೆ ಗ್ರೀಸು, ಅದರ ಮೇಲೆ ಮಣ್ಣು. ಸೀರೆ ಎತ್ತಿಕಟ್ಟಿ ಪಾನಾದ ಮೇಲೆ ನಿಂತು ನಟ್ಟು ಬಿಚ್ಚಿದಳು. “ಮಂತ್ರ ಆಮ್ಯಾಲ ಹೇಳೀರಂತ, ಮೊದ್ಲ ಗಾಲಿಗೆ ಕಲ್ಲು ಕೊಡ್ರಿ” ಎಂದಳು. ನಾನು ಕಲ್ಲು ಕೊಟ್ಟೆ.

ಇಷ್ಟು ಹೊತ್ತು ನಕ್ಕಿರಿ. ಆದರೆ ನಿಮ್ಮಲ್ಲಿ ಒಬ್ಬರೂ ಒಂದು ಮಾತು ಕೇಳಲಿಲ್ಲ: ‘ಅಪ್ಪಾರ, ನಿಮ್ಮ ಕೈಯಲ್ಲಿ ಫೋನ್ ಇತ್ತಲ್ಲ, ಅಕ್ಕನ ಮನೆಗೆ ಯಾಕೆ ಹಚ್ಚಲಿಲ್ಲ?’ ಹೌದು, ಇತ್ತು. ಹಚ್ಚಲಿಲ್ಲ. ಏನೆಂದು ಹೇಳಲಿ? ನಾಲ್ಕು ವರ್ಷದ ಮೇಲೆ ಹೇಳುವ ಮಾತು ‘ಜ್ಯಾಕ್ ಮರೆತೆ’ ಎಂದೇ? ನಾನು ತಿದ್ದಿ ಇಟ್ಟ ಮಾತು ಬಲು ಚೆನ್ನಾಗಿತ್ತು. ಅದನ್ನು ಎದುರಿಗೇ ಹೇಳಬೇಕೆಂದಿದ್ದೆ. ನೋಡಿ, ಆ ಮಾತಿಗೂ ನಾನು ಹಾರ ಹಾಕಿಯೇ ಇಟ್ಟಿದ್ದೆ.

ಹೋಗಿ ಮುಟ್ಟಿದಾಗ ಹತ್ತೂವರೆ ದಾಟಿ ಇಪ್ಪತ್ತು ನಿಮಿಷ. ಮನೆಗೆ ಬೀಗ. ನೆರೆಮನೆಯಾಕೆ ಹೇಳಿದಳು: “ಅಕ್ಕಾರು ಅರ್ಧ ತಾಸು ಗಾಡಿ ನಿಲ್ಲಿಸಿದ್ರು. ‘ನನ್ನ ತಮ್ಮಗ ದಾರ್ಯಾಗ ಯಾರರೆ ಸಿಕ್ಕಿರಬೇಕು, ಪ್ರವಚನ ಹಚ್ಚಿರ್ತಾನ’ ಅಂತ ನಕ್ಕೊಂತ ಹೋದ್ರು.”

ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದಿದ್ದರು. ಅಕ್ಕ ಮತ್ತೆ ಕಣ್ಣು ತೆರೆಯಲಿಲ್ಲ. ಮಣ್ಣು ಕೊಡುವಾಗ ಅವಳ ಕೈಯಲ್ಲಿ ಬನ್ನಿ ಇಟ್ಟೆ. ಆದರೆ ಬನ್ನಿ ಎಂದರೆ ಕೊಡುವುದಷ್ಟೇ ಅಲ್ಲವಲ್ಲ? ತಿರುಗಿ ತೆಗೆದುಕೊಳ್ಳಬೇಕು. ನಾನು ಕೈ ಚಾಚಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ನಾಳೆ ಮಹಾನವಮಿ. ಪೂಜೆ ಮಾಡಿ, ಬೇಡವೆನ್ನುವುದಿಲ್ಲ. ಕುಂಕುಮ ಹಚ್ಚಿ, ಹಾರ ಹಾಕಿ. ದಸರೆಯ ದಿನ ಎತ್ತಿ, ಕೈಯಾರೆ ಸೀಟಿನ ಕೆಳಗೆ ಇಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯೇ ನೋಡಿ. ಬ್ಯಾಟರಿ ಹತ್ತುತ್ತದೆಯೇ ನೋಡಿ, ನೀರಿನ ಕ್ಯಾನು ತುಂಬಿ. ಅಲಂಕಾರದ ಗಾಡಿ ದಾರಿಯಲ್ಲಿ ನಿಂತಿದ್ದರೆ ಕೈ ಮುಗಿದು ಹೋಗಬೇಡಿ, ಇಳಿದು ಕೇಳಿ. ಇನ್ನು, ಯಾರಿಗೋ ಹೇಳಬೇಕೆಂದು ತಿದ್ದಿ ತೀಡಿ ಇಟ್ಟುಕೊಂಡ ಮಾತಿದೆಯಲ್ಲ, ಅದನ್ನು ಬನ್ನಿಯ ತನಕ ಇಡಬೇಡಿ. ತಪ್ಪುತಪ್ಪಾಗಿಯೇ ಹೇಳಿ. ‘ಜ್ಯಾಕ್ ಮರೆತೆ ಅಕ್ಕಾ’ ಎಂದಿದ್ದರೆ ಅವಳು ಇನ್ನೂ ಜೋರಾಗಿ ನಗುತ್ತಿದ್ದಳು. ಆ ನಗೆಯನ್ನು ನಾನು ಕೇಳುತ್ತಿದ್ದೆ.

ಮಂಗಳಾರತಿ ಐದು ನಿಮಿಷ ತಡವಾಗಲಿ. ಎಲ್ಲರೂ ಜೇಬಿನಿಂದ ಫೋನ್ ತೆಗೆಯಿರಿ. ಯಾರಿಗೆ ಎಂದು ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಎದ್ದು ಹೊರಗೆ ಹೋಗಿ ಮಾತಾಡಿ ಬನ್ನಿ. ಅಲ್ಲಿಯ ತನಕ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ. ಅಕ್ಕ ಕೇಳಿದ್ದು ಇಷ್ಟೇ.